ಫೋಟೋ ನೋಡಿ ಊರು ಹೇಳುವ ಶನಿವಾರದ ಸ್ಪರ್ಧೆ: ಆಟ ಚೆನ್ನಾಗಿದೆ, ಕೊಡಗಿನ ರೌಂಡ್ ಮಾತ್ರ ಕೆಟ್ಟಿತು

ಶನಿವಾರ ರಾತ್ರಿ ಒಂಬತ್ತೂವರೆಗೆ ಡಿಸ್ಕಾರ್ಡ್‌ನಲ್ಲಿ (ಗೇಮ್ ಆಡುವವರು ಗುಂಪು ಕಟ್ಟಿಕೊಂಡು ಮಾತಾಡುವ ಆ್ಯಪ್) ಒಂದು ಕನ್ನಡ ಗೇಮಿಂಗ್ ಗುಂಪು ನಡೆಸುವ ಸ್ಪರ್ಧೆ ಇದು. ಒಂದು ಫೋಟೋ ತೋರಿಸುತ್ತಾರೆ, ತೊಂಬತ್ತು ಸೆಕೆಂಡ್ ಕೊಡುತ್ತಾರೆ, ಅದು ಎಲ್ಲಿ ಅಂತ ಮ್ಯಾಪಿನಲ್ಲಿ ಪಿನ್ ಹಾಕಬೇಕು. ಅಷ್ಟೇ ಆಟ. ಗುಂಪಿನ ಹೆಸರು ಹಾಕುತ್ತಿಲ್ಲ. ಕೆಳಗೆ ಒಂದೆರಡು ಕಡೆ ಬೈದಿದ್ದೇನೆ, ನಡೆಸುವವರು ಒಂದು ರೂಪಾಯಿ ಲಾಭ ಇಲ್ಲದೆ ನಿದ್ದೆಗೆಟ್ಟು ಮಾಡುವ ಹುಡುಗರು, ಅವರ ಮೇಲೆ ಊರವರನ್ನೆಲ್ಲ ಎತ್ತಿಕಟ್ಟುವ ಉದ್ದೇಶ ನನಗಿಲ್ಲ.

ನಾನು ಕೊಡಗಿನ ಸುಂಟಿಕೊಪ್ಪದ ಕಡೆಯವನು. ಹಗಲು ತೋಟ, ರಾತ್ರಿ ಗೇಮು. ಬೆಂಗಳೂರಿನಲ್ಲಿರುವ ಅಣ್ಣನ ಮಗ "ಚಿಕ್ಕಪ್ಪ, ನೀವು ಸುಮ್ನೆ ಬಿಜಿಎಂಐ ಶೂಟಿಂಗ್ ಗೇಮ್ ಆಡಿ ಸಾಯೋದಕ್ಕಿಂತ ಇದಕ್ಕೆ ಬನ್ನಿ" ಅಂತ ಲಿಂಕ್ ಕಳಿಸಿದ್ದ. ಮಳೆಗಾಲ ಪೂರ್ತಿ ಆಡಿದ್ದೇನೆ, ಬೇಸಿಗೆಯಲ್ಲೂ ಆಡಿದ್ದೇನೆ. ಹಾಗಾಗಿ ಇದು ಒಂದು ದಿನ ಹೋಗಿ ಬಂದು ಬರೆದ ರಿವ್ಯೂ ಅಲ್ಲ.

ಈ ಆಟದ ಮೂಲ ಜಿಯೋಗೆಸ್ಸರ್ ಅಂತ ಗೇಮಿಂಗ್ ಮಂದಿಗೆ ಹೇಳಬೇಕಾಗಿಲ್ಲ. 2013ರಲ್ಲಿ ಸ್ವೀಡನ್ನಿನ ಆಂಟನ್ ವಾಲೆನ್ ಮಾಡಿದ್ದು. ಗೂಗಲ್ ಸ್ಟ್ರೀಟ್ ವ್ಯೂನ (ಗೂಗಲ್ ಕಾರು ಓಡಾಡಿ ತೆಗೆದ ರಸ್ತೆಗಳ ಫೋಟೋ) ಯಾವುದೋ ರಸ್ತೆಯಲ್ಲಿ ನಿಮ್ಮನ್ನು ಇಳಿಸಿಬಿಡುತ್ತದೆ, ನೀವು ಎಲ್ಲಿದ್ದೀರಿ ಅಂತ ಹೇಳಬೇಕು. ಒಂದು ರೌಂಡಿಗೆ ಹೆಚ್ಚೆಂದರೆ 5000 ಅಂಕ, ಐದು ರೌಂಡಿಗೆ 25,000. ದೂರ ಜಾಸ್ತಿಯಾದಷ್ಟು ಅಂಕ ಇಳಿಯುತ್ತದೆ. 2023ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಇದಕ್ಕೆ ವರ್ಲ್ಡ್ ಕಪ್ಪೇ ನಡೆಯಿತು. ಅಲ್ಲಿ ಆಡುವವರನ್ನು ನೋಡಿದರೆ ತಲೆ ತಿರುಗುತ್ತದೆ. ರಸ್ತೆ ಬದಿಯ ಕಂಬ, ಮಣ್ಣಿನ ಬಣ್ಣ ನೋಡಿ ಕ್ಷಣದಲ್ಲಿ ದೇಶ ಹೇಳುತ್ತಾರೆ. ಫೋಟೋ ತೆಗೆದ ಗೂಗಲ್ ಕಾರಿನ ಗುರುತು ಕೂಡ ಅವರಿಗೆ ಬಾಯಿಪಾಠ. ಕಾರಿನ ಮುಂದೆ ಕೊಳವೆಯಂಥ ಸ್ನಾರ್ಕೆಲ್ ಕಂಡರೆ ಕೀನ್ಯಾ, ಕಾರಿನ ಮೇಲೆ ಟೆಂಟಿನ ಸಾಮಾನು ಕಟ್ಟಿದ್ದರೆ ಮಂಗೋಲಿಯಾ, ಕ್ಯಾರಿಯರ್ ಕಂಬಿಗೆ ಕಪ್ಪು ಟೇಪ್ ಸುತ್ತಿದ್ದರೆ ಘಾನಾ. ಇದು ಭೂಗೋಳ ಅಲ್ಲ, ಪರೀಕ್ಷೆಗೆ ಮುಂಚೆ ಗೈಡ್ ಓದಿದ ಹಾಗೆ.

ನಮ್ಮ ಗುಂಪಿನ ಸ್ಪರ್ಧೆ ಬೇರೆಯಾಗುವುದು ಇಲ್ಲೇ. ಇವರು ಸ್ಟ್ರೀಟ್ ವ್ಯೂ ಕಡಿಮೆ ಬಳಸುತ್ತಾರೆ. ಹೆಚ್ಚಿನ ಪ್ರಶ್ನೆಗಳು ಸದಸ್ಯರೇ ಓಡಾಡುವಾಗ ತೆಗೆದ ಫೋಟೋಗಳು. ಕಾರಣ ಹೀಗಿದೆ. ಸ್ಟ್ರೀಟ್ ವ್ಯೂ 2007ರಲ್ಲಿ ಅಮೆರಿಕದಲ್ಲಿ ಶುರುವಾಯಿತು. ಇಲ್ಲಿ 2011ರಲ್ಲಿ ಬೆಂಗಳೂರಿನಲ್ಲಿ ಕಾರು ಓಡಿಸಲು ಹೊರಟಾಗ ಪೊಲೀಸರು ನಿಲ್ಲಿಸಿದರು. ಮತ್ತೆ ಬಂದದ್ದು 2022ರ ಜುಲೈನಲ್ಲಿ, ಅದೂ ಮೊದಲಿಗೆ 10 ನಗರಗಳಲ್ಲಿ. ಆ ಹತ್ತರಲ್ಲಿ ಕರ್ನಾಟಕದಿಂದ ಇದ್ದದ್ದು ಬೆಂಗಳೂರು ಒಂದೇ. ಹಾಗಾಗಿ ಕನ್ನಡದವರು ತಮ್ಮ ಊರುಗಳನ್ನು ಇಟ್ಟು ಆಡಬೇಕೆಂದರೆ ಫೋಟೋ ತಾವೇ ತೆಗೆಯಬೇಕಿತ್ತು, ಕೊರತೆಯಿಂದ ಶುರುವಾದದ್ದು ಕೊನೆಗೆ ಈ ಸ್ಪರ್ಧೆಯ ದೊಡ್ಡ ಗುಣವೇ ಆಗಿಹೋಗಿದೆ. ಫೋಟೋ ಅಲ್ಲಾಡುವುದಿಲ್ಲ, ತಿರುಗಿಸಲಾಗುವುದಿಲ್ಲ, ಝೂಮ್ ಇಲ್ಲ. ಜಿಯೋಗೆಸ್ಸರ್‌ನಲ್ಲಿ ಎಲ್ಲಕ್ಕಿಂತ ಕಷ್ಟದ ಮೋಡ್ ಯಾವುದೋ ಇಲ್ಲಿ ಅದೇ ಮಾಮೂಲಿ ಮೋಡ್.

ಒಂದು ರಾತ್ರಿಗೆ ಆರು ಪ್ರಶ್ನೆ. ಮೊದಲ ಎರಡು ಹೊರದೇಶ, ನಂತರ ಎರಡು ಭಾರತ, ಐದನೆಯದು ಕರ್ನಾಟಕ. ಆರನೆಯದು ಗೇಮಿನೊಳಗಿನ ಸ್ಕ್ರೀನ್‌ಶಾಟ್. ಅದು ಯಾವ ಗೇಮು ಅಂತ ಕೇಳುವುದಿಲ್ಲ, ಗೇಮಿನಲ್ಲಿರುವ ಆ ಜಾಗ ನಿಜವಾಗಿ ಭೂಮಿಯ ಮೇಲೆ ಎಲ್ಲಿದೆ ಅಂತ ಕೇಳುತ್ತಾರೆ.

ನನಗೆ ಎಲ್ಲಕ್ಕಿಂತ ಇಷ್ಟ ಈ ಆರನೆಯ ಪ್ರಶ್ನೆ. ಜಿಟಿಎ ಫೈವ್‌ನ ಲಾಸ್ ಸಾಂಟೋಸ್ ತೋರಿಸಿ ಲಾಸ್ ಏಂಜಲೀಸ್ ಅನ್ನಿಸುವುದು ಸುಲಭ, ಅದನ್ನು ಹೊಸಬರಿಗೆ ಅಂತ ಇಡುತ್ತಾರೆ. ಫೋರ್ಜಾ ಹೊರೈಜನ್ ಫೈವ್‌ನ ಬಣ್ಣಬಣ್ಣದ ಮನೆಗಳ ಗುಡ್ಡ ತೋರಿಸಿದಾಗ ಮೆಕ್ಸಿಕೋ ಅಂತ ಎಲ್ಲರಿಗೂ ಗೊತ್ತು, ಆದರೆ ಮೆಕ್ಸಿಕೋದಲ್ಲಿ ಗ್ವಾನಾಜುವಾಟೊ ಎಲ್ಲಿದೆ ಅಂತ ಪಿನ್ ಹಾಕಲು ಹೋದಾಗ ಅರ್ಧ ಜನ ಸಮುದ್ರದ ದಡಕ್ಕೆ ಹೋಗುತ್ತಾರೆ. ಫಾರ್ ಕ್ರೈ ಫೋರ್‌ನ ಕಿರಾಟ್ ಕಲ್ಪನೆಯ ದೇಶ. ಅದನ್ನು ಇಟ್ಟ ದಿನ ಜಗಳವೇ ಆಯಿತು. ಹಿಮಾಲಯ ಸರಿ, ಹಿಮಾಲಯದಲ್ಲಿ ಯಾವ ಬಿಂದು? ನೇಪಾಳಕ್ಕೆ ಹತ್ತಿರ ಹಾಕಿದವರಿಗೆಲ್ಲ ಪೂರ್ತಿ ಅಂಕ ಕೊಟ್ಟು ಮುಗಿಸಿದರು. ನನ್ನ ಪ್ರಕಾರ ಅಂಥ ಪ್ರಶ್ನೆ ಇಡಲೇಬಾರದು. ಉತ್ತರ ಇಲ್ಲದ ಪ್ರಶ್ನೆಗೆ ಅಂಕ ಹೇಗೆ ಕೊಡುತ್ತೀರಿ?

ಅನ್‌ಚಾರ್ಟೆಡ್ ಲಾಸ್ಟ್ ಲೆಗಸಿ ಇಟ್ಟ ದಿನ ಮಾತ್ರ ವಾಯ್ಸ್ ಚಾನೆಲ್‌ನಲ್ಲಿ ಒಂದು ನಿಮಿಷ ಯಾರೂ ಮಾತಾಡಲಿಲ್ಲ. 2017ರ ಗೇಮು. ಹಸಿರು ಬೆಟ್ಟ, ನೀರು, ಕಲ್ಲಿನ ಗುಡಿಗಳು, ಕೆಂಪು ಮಣ್ಣಿನ ದಾರಿಯಲ್ಲಿ ಒಂದು ಜೀಪು. ಕೆಲವರು ಕಾಂಬೋಡಿಯಾ ಅಂದರು, ಒಬ್ಬ ಪೆರು ಅಂದ. ಅದು ಪಶ್ಚಿಮ ಘಟ್ಟ. ಗೇಮಿನ ಕಥೆಯೇ ಹೊಯ್ಸಳರ ಸುತ್ತ ಇದೆ. ನಮ್ಮ ಮನೆಯ ಹಿಂದಿನ ಬೆಟ್ಟದ ಸಾಲನ್ನು ಅಮೆರಿಕದ ಕಂಪನಿಯೊಂದು ಗೇಮಿಗೆ ಎಳೆದುಕೊಂಡು ಹೋಗಿದೆ, ನಮ್ಮವರೇ ಅದನ್ನು ಕಾಂಬೋಡಿಯಾ ಅಂತಾರೆ! ನಿಜ ಹೇಳಬೇಕೆಂದರೆ ಅಲ್ಲಿನ ಗುಡಿಗಳು ಹಳೇಬೀಡಿನ ಹಾಗೂ ಇಲ್ಲ, ಬೇಲೂರಿನ ಹಾಗೂ ಇಲ್ಲ, ಎಲ್ಲ ಹತ್ತು ಪಟ್ಟು ದೊಡ್ಡದು ಮಾಡಿಟ್ಟಿದ್ದಾರೆ. ಆದರೆ ಮಳೆ ನಿಂತ ಮೇಲೆ ಬೆಟ್ಟದ ಮೇಲಿಂದ ಮಂಜು ಏಳುವುದನ್ನು ಸರಿಯಾಗಿ ಹಿಡಿದಿದ್ದಾರೆ.

ಈಗ ಅಂಕ ಗಳಿಸುವ ವಿಷಯ. ಹೊಸಬರು ಬಂದ ಕೂಡಲೇ ಕೇಳುವುದು, ಅಣ್ಣ ಹೇಗೆ ಗೊತ್ತಾಗುತ್ತೆ ನಿಮಗೆ ಅಂತ. ಮಂತ್ರ ಏನೂ ಇಲ್ಲ. ವಾಹನ ರಸ್ತೆಯ ಎಡಕ್ಕೆ ಹೋಗುತ್ತಿದೆಯಾ ಬಲಕ್ಕಾ ನೋಡಿ, ಎಡಕ್ಕಾದರೆ ಪ್ರಪಂಚದ ಹೆಚ್ಚಿನ ದೇಶಗಳು ಒಂದೇ ಏಟಿಗೆ ಹೊರಗೆ ಹೋದವು. ಭಾರತವೇ ಅಂತ ಗೊತ್ತಾದ ಮೇಲೆ ಕಿಲೋಮೀಟರ್ ಕಲ್ಲು ಹುಡುಕಿ. ತಲೆ ಹಳದಿ ಇದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರಾದರೆ ರಾಜ್ಯ ಹೆದ್ದಾರಿ, ಕಿತ್ತಳೆ ಬಣ್ಣವಾದರೆ ಹಳ್ಳಿ ರಸ್ತೆ. ಅಂಗಡಿ ಬೋರ್ಡಿನ ಅಕ್ಷರ ಓದಲು ಆಗದಿದ್ದರೂ ಯಾವ ಲಿಪಿ ಅಂತ ತಿಳಿದರೆ ಸಾಕು.

ನೆರಳು ನೋಡಿ ದಿಕ್ಕು ಹೇಳುವ ಉಪಾಯ ಎಲ್ಲರೂ ಹೇಳಿಕೊಡುತ್ತಾರೆ. ಸೂರ್ಯ ದಕ್ಷಿಣಕ್ಕಿದ್ದರೆ ಉತ್ತರ ಗೋಳ, ಉತ್ತರಕ್ಕಿದ್ದರೆ ದಕ್ಷಿಣ ಗೋಳ. ಇದನ್ನು ನಂಬಿ ನಮ್ಮ ಕಡೆಯ ಫೋಟೋಕ್ಕೆ ಪಿನ್ ಹಾಕಲು ಹೋಗಬೇಡಿ. ಮಡಿಕೇರಿ ಇರುವುದು ಸುಮಾರು ಹನ್ನೆರಡೂವರೆ ಡಿಗ್ರಿ ಉತ್ತರದಲ್ಲಿ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮೂರನೇ ವಾರದ ತನಕ ಇಲ್ಲಿ ನಡುಮಧ್ಯಾಹ್ನದ ಸೂರ್ಯ ಉತ್ತರಕ್ಕೇ ವಾಲಿರುತ್ತಾನೆ. ಜೂನ್ ಬಂದ ಮೇಲೆ ಅವನ ಮುಖವೇ ಕಾಣುವುದಿಲ್ಲ, ಅದು ಬೇರೆ ಮಾತು. ಆದರೆ ಮೇ ತಿಂಗಳ ಬಿಸಿಲಿನಲ್ಲಿ ತೆಗೆದ ಒಂದು ಫೋಟೋ ನೋಡಿ ಇಬ್ಬರು ಸೀನಿಯರ್ ಆಟಗಾರರು ಬ್ರೆಜಿಲ್‌ನ ಕಾಫಿ ತೋಟಕ್ಕೆ ಪಿನ್ ಹಾಕಿ ಕೂತಿದ್ದರು.

ನಂಬರ್ ಪ್ಲೇಟ್ ಕೂಡ ಹಾಗೇ. ಕೆಎ 12 ಅಂದರೆ ಮಡಿಕೇರಿ ಅಂತ ಎಲ್ಲರಿಗೂ ಬಾಯಿಪಾಠ. ಆದರೆ ಶನಿವಾರ ಭಾನುವಾರ ಮಂದಲಪಟ್ಟಿ ವ್ಯೂ ಪಾಯಿಂಟಿನ ದಾರಿಯಲ್ಲಿ ನಿಂತು ನೋಡಿ, ಬೆಂಗಳೂರಿನ ಗಾಡಿಗಳ ಮಧ್ಯೆ ಕೆಎ 12 ಹುಡುಕಬೇಕು. ನಾನು ನೋಡುವುದು ಪ್ಲೇಟಿನ ಬಣ್ಣ. ಕಪ್ಪು ಪ್ಲೇಟಿನ ಮೇಲೆ ಹಳದಿ ಅಕ್ಷರ ಇದ್ದರೆ ಬಾಡಿಗೆಗೆ ತೆಗೆದುಕೊಂಡು ತಾವೇ ಓಡಿಸುವ ಗಾಡಿ. ಒಂದೇ ಫೋಟೋದಲ್ಲಿ ಅಂಥವು ಎರಡು ಮೂರು ಕಂಡರೆ ಅದು ಟೂರಿಸ್ಟ್ ಜಾಗ, ಅಲ್ಲಿಂದ ಮುಂದಕ್ಕೆ ಯೋಚಿಸಬಹುದು.

ಹೀಗೆ ಪ್ರತಿ ಫೋಟೋದಲ್ಲೂ ಸಣ್ಣ ಸಣ್ಣ ವಸ್ತು ಹುಡುಕಿ ವಾದ ಮಾಡುವುದೇ ಈ ಸ್ಪರ್ಧೆಯ ರುಚಿ. ತೊಂಬತ್ತು ಸೆಕೆಂಡ್ ಮುಗಿದ ಮೇಲೆ ಗೆದ್ದವನು ಹೇಗೆ ಕಂಡುಹಿಡಿದ ಅಂತ ಎಲ್ಲರೆದುರು ಹೇಳಬೇಕು ಅಂತ ಒಂದು ನಿಯಮ ಇದೆ. ಯಾರು ಮಾಡಿದರೋ ಗೊತ್ತಿಲ್ಲ, ಅವರಿಗೆ ಕೈ ಮುಗಿಯಬೇಕು. ಸುಮ್ನೆ ಅಂದಾಜಿನಲ್ಲಿ ಹೊಡೆದವನು ಅಲ್ಲೇ ಸಿಕ್ಕಿಬೀಳುತ್ತಾನೆ.

ಇಷ್ಟೆಲ್ಲ ಹೊಗಳಿದ ಮೇಲೆ ಕೊಡಗಿನ ರೌಂಡಿಗೆ ಬರೋಣ.

ವರ್ಷಕ್ಕೆ ಕೆಲವು ಸಲ ಜಿಲ್ಲಾ ವಿಶೇಷ ಅಂತ ಇಡುತ್ತಾರೆ. ಆ ರಾತ್ರಿ ಆರೂ ಪ್ರಶ್ನೆ ಒಂದೇ ಜಿಲ್ಲೆಯದು. ಕೊಡಗಿನ ಸರದಿ ಬಂದಾಗ ನಮ್ಮ ಕಡೆಯ ಹುಡುಗರೆಲ್ಲ ಸೇರಿಕೊಂಡರು. ಕುಶಾಲನಗರದಿಂದ, ಗೋಣಿಕೊಪ್ಪದಿಂದ, ಸೋಮವಾರಪೇಟೆಯಿಂದ, ಯಾವತ್ತೂ ಮೈಕ್ ಆನ್ ಮಾಡದವರೂ ಬಂದರು.

ಮೊದಲ ಫೋಟೋ ಅಬ್ಬಿ ಜಲಪಾತ. ಎರಡನೆಯದು ರಾಜಾ ಸೀಟ್. ಮೂರನೆಯದು ತಲಕಾವೇರಿ. ಸ್ವಾಮಿ, ಇದು ಸ್ಪರ್ಧೆಯಾ, ಟ್ರಾವೆಲ್ಸ್‌ನವರ ಕ್ಯಾಲೆಂಡರಾ? ಗೂಗಲ್‌ನಲ್ಲಿ ಕೊಡಗು ಅಂತ ಹೊಡೆದರೆ ಮೊದಲ ಸಾಲಿನಲ್ಲಿ ಬರುವ ಚಿತ್ರಗಳು ಇವು. ಇಮೇಜ್ ಸರ್ಚ್ ಮಾಡಬಾರದು ಅಂತ ನಿಯಮ ಇದೆ, ಆದರೆ ಅದು ಬರೀ ನಂಬಿಕೆಯ ಮೇಲೆ. ಫೋನ್ ಕೈಯಲ್ಲಿ ಹಿಡಿದು ಗೂಗಲ್ ಲೆನ್ಸ್ (ಚಿತ್ರ ನೋಡಿ ಹುಡುಕಿಕೊಡುವ ಆ್ಯಪ್) ತೋರಿಸಿದರೆ ಎರಡು ಸೆಕೆಂಡಿನಲ್ಲಿ ಉತ್ತರ. ಹಳ್ಳಿಯ ಯಾವುದೋ ತಿರುವಿನ ಫೋಟೋ ಇಟ್ಟರೆ ಲೆನ್ಸ್‌ಗೆ ಅಷ್ಟು ಸುಲಭಕ್ಕೆ ಸಿಗುವುದಿಲ್ಲ. ಪ್ರಸಿದ್ಧ ಜಾಗ ಇಟ್ಟರೆ ಮೋಸ ಮಾಡುವವನಿಗೆ ನೀವೇ ಬಾಗಿಲು ತೆಗೆದು ಕೂರಿಸಿದ ಹಾಗಲ್ವಾ?

ನಾಲ್ಕನೆಯದು ಬೈಲಕುಪ್ಪೆಯ ಸ್ವರ್ಣ ಮಂದಿರ. ಇಲ್ಲಿ ನಮ್ಮ ಹುಡುಗರು ಎದ್ದೇ ಬಿಟ್ಟರು. ಬೈಲಕುಪ್ಪೆ ಕೊಡಗಲ್ಲ. ಕುಶಾಲನಗರದ ಸೇತುವೆ ದಾಟಿದರೆ ಕಾವೇರಿಯ ಆಚೆ ದಡ ಮೈಸೂರು ಜಿಲ್ಲೆ, ಪಿರಿಯಾಪಟ್ಟಣ ತಾಲ್ಲೂಕು. ನಮ್ದ್ರೋಲಿಂಗ್ ಮಠ ಅಲ್ಲಿ 1963ರಿಂದ ಇದೆ. ಕೊಡಗಿಗೆ ಬಂದವರೆಲ್ಲ ಅದನ್ನೂ ನೋಡಿ ಹೋಗುತ್ತಾರೆ, ಹೋಂಸ್ಟೇಯವರೂ ತಮ್ಮ ಪಟ್ಟಿಯಲ್ಲಿ ಹಾಕಿಕೊಳ್ಳುತ್ತಾರೆ, ಅದರಿಂದ ಜಿಲ್ಲೆ ಬದಲಾಗುವುದಿಲ್ಲ. ಪ್ರಶ್ನೆ ಇಟ್ಟವರಿಗೆ ಹೇಳಿದರೆ "ಅಣ್ಣ, ಕೊಡಗು ಟ್ರಿಪ್‌ನಲ್ಲೇ ತೆಗೆದಿದ್ದು" ಅಂದರು. ಟ್ರಿಪ್‌ನಲ್ಲಿ ಮೈಸೂರು ಅರಮನೆಯನ್ನೂ ನೋಡಿರುತ್ತೀರಲ್ಲ, ಅದನ್ನೂ ಇಡಬೇಕಿತ್ತು!

ಪ್ರಶ್ನೆಗಳಿಗಿಂತ ದೊಡ್ಡ ಸಮಸ್ಯೆ ಅಂಕದ್ದು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಬೇರೆ ಗುಂಪಿನವರು ಇಂಥ ಸ್ಪರ್ಧೆ ಇಡುವುದಾದರೆ ಇಲ್ಲೇ ಎಡವುತ್ತಾರೆ. ಗುಂಪಿನವರು ಅಂಕ ಹಾಕುವ ಶೀಟ್ ಇಡೀ ಪ್ರಪಂಚಕ್ಕೆ ಅಳತೆ ಮಾಡಿದ್ದು. ನೂರು ಕಿಲೋಮೀಟರ್ ತಪ್ಪಿದರೂ ಮುನ್ನೂರು ಚಿಲ್ಲರೆ ಅಂಕ ಮಾತ್ರ ಹೋಗುತ್ತದೆ. ಪ್ರಪಂಚದ ಮ್ಯಾಪಿಗೆ ಅದು ನ್ಯಾಯವೇ, ಕೀನ್ಯಾದಲ್ಲಿ ನೂರು ಕಿಲೋಮೀಟರ್ ಆಚೀಚೆ ಹಾಕಿದವನು ಚೆನ್ನಾಗಿಯೇ ಆಡಿದ್ದಾನೆ. ಆದರೆ ಕೊಡಗು ಜಿಲ್ಲೆಯೇ ಎಷ್ಟು ದೊಡ್ಡದು? ಮಡಿಕೇರಿಯಿಂದ ದಕ್ಷಿಣ ತುದಿಯ ಕುಟ್ಟಕ್ಕೆ ನೇರ ಗೆರೆ ಎಳೆದರೆ ಸುಮಾರು ಅರುವತ್ತು ಕಿಲೋಮೀಟರ್. ಹಾಗಾಗಿ ಕುಟ್ಟದ ಫೋಟೋ ನೋಡಿ ಕುಟ್ಟ ಅಂತ ಗುರುತು ಹಿಡಿದವನಿಗೆ 5000, ಏನೂ ಗೊತ್ತಿಲ್ಲದೆ ಪ್ರತಿ ಸಲವೂ ಮಡಿಕೇರಿಯ ಮೇಲೆ ಪಿನ್ ಚುಚ್ಚಿದವನಿಗೆ ಹತ್ತಿರ ಹತ್ತಿರ 4800. ಮಡಿಕೇರಿಯ ಫೋಟೋಕ್ಕೆ ಮೈಸೂರಿನಲ್ಲಿ ಪಿನ್ ಹಾಕಿದವನಿಗೂ 4600ರ ಮೇಲೆ. ಆ ರಾತ್ರಿ ಒಬ್ಬ ಆರು ಸಲವೂ ಮಡಿಕೇರಿಯ ಬಸ್ ಸ್ಟ್ಯಾಂಡಿಗೇ ಪಿನ್ ಹಾಕಿ ಮೇಲಿನ ಹತ್ತರಲ್ಲಿ ಬಂದ. ತಮಾಷೆಗೆ ಮಾಡಿದೆ ಅಂತ ಅವನೇ ಹೇಳಿದ.

ಜಿಯೋಗೆಸ್ಸರ್‌ನಲ್ಲಿ ಈ ತೊಂದರೆ ಇಲ್ಲ. ಅಲ್ಲಿ ಮ್ಯಾಪ್ ಚಿಕ್ಕದಾದ ಹಾಗೆ ಅಂಕದ ಅಳತೆಯೂ ಬಿಗಿಯಾಗುತ್ತದೆ. ಜಿಲ್ಲೆಯಷ್ಟು ಮ್ಯಾಪಿನಲ್ಲಿ ಅರುವತ್ತು ಕಿಲೋಮೀಟರ್ ತಪ್ಪಿದರೆ ಕೈಗೆ ಬರುವುದು ಚಿಲ್ಲರೆ. ನಮ್ಮವರ ಶೀಟಿನಲ್ಲೂ ಅದು ಒಂದು ಅಂಕೆ ಬದಲಾಯಿಸುವ ಕೆಲಸ. ಹೇಳಿದ್ದೇವೆ. ನೋಡೋಣ ಅಂದಿದ್ದಾರೆ.

ಐದನೆಯ ಪ್ರಶ್ನೆಗೆ ನನ್ನ ವಿರೋಧ ಬೇರೆ ಥರದ್ದು. ಯಾರದೋ ಐನ್‌ಮನೆಯ, ಅಂದರೆ ಕೊಡವ ಕುಟುಂಬದ ಮೂಲ ಮನೆಯ ಫೋಟೋ. ಹಳೆಯ ಹೆಂಚಿನ ಮಾಡು, ಮುಂದೆ ಕೆತ್ತನೆಯ ಕಂಬ, ಜಗಲಿಯಲ್ಲಿ ಕೂತ ಒಬ್ಬರು ಅಜ್ಜಿ. ಫೋಟೋ ಚಂದವೇ. ಆದರೆ ಅದು ಒಂದು ಒಕ್ಕದ (ಮನೆತನದ) ಮನೆ, ಪ್ರವಾಸಿ ತಾಣ ಅಲ್ಲ. ಅಲ್ಲಿ ಕಾರಣವರಿಗೆ (ಗತಿಸಿದ ಹಿರಿಯರಿಗೆ) ದೀಪ ಇಡುತ್ತಾರೆ, ಪುತ್ತರಿ ಸುಗ್ಗಿ ಹಬ್ಬಕ್ಕೆ ಕುಟುಂಬದವರೆಲ್ಲ ಬಂದು ಸೇರುತ್ತಾರೆ. ಯಾರನ್ನೂ ಕೇಳದೆ ಫೋಟೋ ಹಾಕಿ, ನೂರಾರು ಜನರಿಗೆ ಆ ಮನೆಯ ಜಾಗವನ್ನು ಮ್ಯಾಪಿನಲ್ಲಿ ಹುಡುಕಿ ಅಂದರೆ ಏನು ಅರ್ಥ? ಉತ್ತರ ತೋರಿಸುವಾಗ ಗೇಟಿನವರೆಗೂ ಝೂಮ್ ಮಾಡಿದರು. ಇಲ್ಲಿ ಡ್ರೋನ್ ಹಾರಿಸಿಕೊಂಡು ತೋಟಕ್ಕೆ ನುಗ್ಗುವವರ ಕಾಟವೇ ಸಾಕಾಗಿದೆ. ಜನ ವಾಸ ಇರುವ ಮನೆ, ದೇವರಕಾಡು (ದೇವರ ಹೆಸರಿನಲ್ಲಿ ಕಾಪಾಡಿಕೊಂಡ ಕಾಡು), ಇವೆರಡನ್ನು ಪ್ರಶ್ನೆಗೆ ಇಡಬಾರದು ಅಂತ ನಾನು ವಾಯ್ಸ್‌ನಲ್ಲೇ ಹೇಳಿದೆ. ಮನೆಯ ವಿಷಯ ಒಪ್ಪಿದರು. ದೇವರಕಾಡಿನ ವಿಷಯಕ್ಕೆ "ಅದು ಕಾಡು ತಾನೇ" ಅಂದ ಒಬ್ಬ. ಗೋಣಿಕೊಪ್ಪದ ತಂಗಿಯೊಬ್ಬಳು ಅವನಿಗೆ ಪಾಠ ಮಾಡಿದಳು, ನಾನು ಮೈಕ್ ಆಫ್ ಮಾಡಿ ನಕ್ಕೆ.

ಇದೆಲ್ಲದರ ಮಧ್ಯೆ ಒಂದೇ ಒಂದು ಒಳ್ಳೆಯ ಪ್ರಶ್ನೆ ಇತ್ತು, ಆರನೆಯದು. ಅದನ್ನು ಇಟ್ಟವರು ಶ್ರೀಮಂಗಲದ ಕಡೆ ನೆಂಟರಿರುವ ಒಬ್ಬ ಹುಡುಗ.

ಫೋಟೋದಲ್ಲಿ ಪ್ರಸಿದ್ಧವಾದದ್ದು ಏನೂ ಇಲ್ಲ. ಒಂದು ಡಾಂಬರು ರಸ್ತೆ, ಪಕ್ಕದಲ್ಲಿ ಮೋರಿಯ ಸಿಮೆಂಟ್ ಕಟ್ಟೆ, ಕಟ್ಟೆಯ ಮೇಲೆ ಪಾಚಿ ಒಣಗಿ ಕಪ್ಪಾಗಿದೆ. ಎಡಕ್ಕೆ ಕಾಫಿ ತೋಟ, ಸಿಲ್ವರ್ ಮರಕ್ಕೆ ಕರಿಮೆಣಸಿನ ಬಳ್ಳಿ. ಗಿಡಗಳ ಮೇಲಿಂದ ಒಂದು ಪೈಪು ಎದ್ದು ನಿಂತಿದೆ, ತುದಿಯಲ್ಲಿ ಸ್ಪ್ರಿಂಕ್ಲರ್. ಬಲಕ್ಕೆ ಕೊಯ್ಲಾದ ಗದ್ದೆ. ಗದ್ದೆಯ ಆಚೆ ಕಬ್ಬಿಣದ ದಪ್ಪ ಕಂಬಿಗಳ ಬೇಲಿ. ದೂರದಲ್ಲಿ ನೀಲಿ ಬೆಟ್ಟ.

ಉತ್ತರ ಕರ್ನಾಟಕದ ಇಬ್ಬರು ಆ ಕಂಬಿ ನೋಡಿ "ರೈಲು ಹಳಿ ಐತಲ್ರೀ, ಕೊಡಗಿನಾಗ ರೈಲು ಎಲ್ಲಿ ಹೋಗ್ತದ?" ಅಂತ ಕೇಳಿದರು. ಪ್ರಶ್ನೆ ಸರಿಯಾಗಿಯೇ ಇದೆ. ಕೊಡಗಿನಲ್ಲಿ ರೈಲಿಲ್ಲ, ಆದರೆ ರೈಲಿನ ಕಂಬಿ ಇದೆ. ಆನೆ ತೋಟಕ್ಕೆ ಬರದ ಹಾಗೆ ಕಾಡಂಚಿನಲ್ಲಿ ಹಳೆಯ ರೈಲು ಕಂಬಿಗಳನ್ನು ನೆಟ್ಟು ಬೇಲಿ ಮಾಡಿದ್ದಾರೆ. ಗೊತ್ತಿದ್ದವರಿಗೆ ಅದೇ ಮೊದಲ ಸುಳಿವು, ಕಾಡು ಪಕ್ಕದಲ್ಲೇ ಇದೆ ಅಂತ.

ಗೆದ್ದದ್ದು ಪಾಲಿಬೆಟ್ಟದ ಕಡೆಯ ಒಬ್ಬಳು ಕಾಲೇಜು ಹುಡುಗಿ. ಅವಳು ವಿವರಿಸಿದ್ದನ್ನು ಕೇಳಬೇಕಿತ್ತು ನೀವು. ಎಲೆ ದೊಡ್ಡದು, ಅಂಚು ಅಲೆಅಲೆಯಾಗಿದೆ, ಹಾಗಾಗಿ ರೋಬಸ್ಟಾ ಜಾತಿಯ ಕಾಫಿ. ರೋಬಸ್ಟಾಕ್ಕೆ ಫೆಬ್ರವರಿ ಮಾರ್ಚಿನಲ್ಲಿ ಹೂವಿಗೆ ಅಂತ ನೀರು ಹೊಡೆಯುತ್ತಾರೆ, ಅದಕ್ಕೇ ಸ್ಪ್ರಿಂಕ್ಲರ್ ನಿಂತಿದೆ, ಗದ್ದೆ ಖಾಲಿ ಇರುವುದಕ್ಕೂ ತಿಂಗಳು ಸರಿಹೊಂದುತ್ತದೆ. ರೋಬಸ್ಟಾ ಜಾಸ್ತಿ ಇರುವುದು ದಕ್ಷಿಣ ಕೊಡಗಿನಲ್ಲಿ, ಸೋಮವಾರಪೇಟೆ ಕಡೆ ಅರೇಬಿಕಾ ಹೆಚ್ಚು. ಆನೆ ಬೇಲಿ ಇದೆ ಅಂದರೆ ನಾಗರಹೊಳೆಯ ಅಂಚು. ಆದರೆ ಹಿಂದೆ ಇಷ್ಟು ಎತ್ತರದ ಬೆಟ್ಟ ತಿತಿಮತಿ ಕಡೆ ಕಾಣುವುದಿಲ್ಲ, ಅದು ಬ್ರಹ್ಮಗಿರಿಯ ಸಾಲು. ಅಷ್ಟು ಹೇಳಿ ಶ್ರೀಮಂಗಲಕ್ಕೂ ಕುಟ್ಟಕ್ಕೂ ನಡುವೆ ಪಿನ್ ಹಾಕಿದ್ದಾಳೆ. ನಿಜವಾದ ಜಾಗ ಅಲ್ಲಿಂದ ಕೂಗಳತೆಯಲ್ಲಿತ್ತು. ಚಾನೆಲ್ ತುಂಬ ಚಪ್ಪಾಳೆ ಎಮೋಜಿ. ಅವಳಿಗೆ 5000, ಬಸ್ ಸ್ಟ್ಯಾಂಡ್ ಮಹಾಶಯನಿಗೆ 4800ರ ಮೇಲೆ. ಹೊಟ್ಟೆ ಉರಿಯುವುದಿಲ್ವಾ?

ಊರಿನ ರೌಂಡನ್ನು ಊರು ಗೊತ್ತಿರುವವರೇ ಇಡಬೇಕು ಅಂತ ನಾನು ಹಠ ಹಿಡಿಯುವುದು ಇದಕ್ಕೇ. ಹೊರಗಿನವರಿಗೆ ಕೊಡಗು ಅಂದರೆ ಜಲಪಾತ, ವ್ಯೂ ಪಾಯಿಂಟ್. ಜಲಪಾತದ ಫೋಟೋದಲ್ಲಿ ಯೋಚಿಸಲು ಏನೂ ಇಲ್ಲ. ಇರ್ಪು, ಚೇಲಾವರ, ಮಲ್ಲಳ್ಳಿ, ಹತ್ತಿರದಿಂದ ತೆಗೆದರೆ ಎಲ್ಲದರಲ್ಲೂ ಬಂಡೆ ಮತ್ತು ಬಿಳಿ ನೀರು. ಗೊತ್ತಿದ್ದರೆ ಗೊತ್ತು, ಇಲ್ಲದಿದ್ದರೆ ಇಲ್ಲ. ಮೋರಿಕಟ್ಟೆಯ ಫೋಟೋದಲ್ಲಿ ಹಾಗಲ್ಲ, ನೋಡಿದಷ್ಟೂ ಏನೋ ಸಿಗುತ್ತದೆ.

ಪ್ರಸಿದ್ಧ ಜಾಗ ಇಡಲೇಬೇಕು ಅಂದರೆ ಅದಕ್ಕೂ ದಾರಿ ಇದೆ. ಹಿಂದೊಂದು ಸಲ ಕರ್ನಾಟಕದ ಪ್ರಶ್ನೆಯಲ್ಲಿ ಮಡಿಕೇರಿಯ ಗದ್ದಿಗೆಯ ಗುಮ್ಮಟವನ್ನು ಮಾತ್ರ ಕತ್ತರಿಸಿ ತೋರಿಸಿದ್ದರು, ಸುತ್ತಲಿನ ಹಸಿರು ಏನೂ ಕಾಣದ ಹಾಗೆ. ಗುಮ್ಮಟ, ಮೂಲೆಗೊಂದು ಮಿನಾರು. ಹೆಚ್ಚಿನವರು ವಿಜಯಪುರಕ್ಕೆ ಓಡಿದರು, ಕೆಲವರು ಬೀದರಿಗೆ. ಲಿಂಗಾಯತ ರಾಜರ ಸಮಾಧಿ ಆ ಶೈಲಿಯಲ್ಲಿ ಇರಬಹುದು ಅಂತ ಯಾರಿಗೆ ಹೊಳೆಯುತ್ತದೆ ಹೇಳಿ? 1820ರ ಓಂಕಾರೇಶ್ವರ ದೇವಸ್ಥಾನವೂ ಅಂಥದ್ದೇ, ಮುಂದೆ ಕಲ್ಯಾಣಿ, ಒಳಗೆ ಶಿವಲಿಂಗ, ಮೇಲೆ ಗುಮ್ಮಟ. ಅಂಥ ಪ್ರಶ್ನೆಗೆ ನಾನು ನೂರಕ್ಕೆ ನೂರು ಕೊಡುತ್ತೇನೆ.

ಇನ್ನು ನಡೆಸುವ ರೀತಿಯ ಬಗ್ಗೆ. ಸಮಯಕ್ಕೆ ಸರಿಯಾಗಿ ಶುರು ಮಾಡುತ್ತಾರೆ, ಹರಟೆ ಕಡಿಮೆ, ಹುಡುಗಿಯರ ಜೊತೆ ಯಾರಾದರೂ ತಲೆಹರಟೆ ಮಾಡಿದರೆ ಎರಡನೇ ಮಾತಿಲ್ಲದೆ ಹೊರಗೆ. ಇದು ಗೇಮಿಂಗ್ ಗುಂಪುಗಳಲ್ಲಿ ಎಷ್ಟು ಅಪರೂಪ ಅಂತ ಆಡುವವರಿಗೆ ಗೊತ್ತು. ಒಂದು ಎಡವಟ್ಟು ಮಾತ್ರ ಕೆಲವು ವಾರ ನಡೆಯಿತು. ಫೋಟೋ ಕಳಿಸುವವರು ಕ್ವಾಲಿಟಿ ಹೋಗಬಾರದು ಅಂತ ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸುತ್ತಿದ್ದರು, ನಡೆಸುವವರು ಅದೇ ಫೈಲನ್ನು ಪ್ರಶ್ನೆಯ ಲಿಂಕಿಗೆ ಹಾಕುತ್ತಿದ್ದರು. ಹಾಗೆ ಕಳಿಸಿದ ಫೈಲಿನೊಳಗೆ ಫೋಟೋ ತೆಗೆದ ಜಾಗದ ಅಕ್ಷಾಂಶ ರೇಖಾಂಶ ಹಾಗೇ ಉಳಿದಿರುತ್ತದೆ. ಡೌನ್‌ಲೋಡ್ ಮಾಡಿ ಡಿಟೇಲ್ಸ್ ಒತ್ತಿದರೆ ಉತ್ತರ ರೆಡಿ. ಒಬ್ಬ ಹುಡುಗ ಸತತವಾಗಿ ಎಂಟು ಹತ್ತು ಮೀಟರ್ ಅಂತರದಲ್ಲಿ ಪಿನ್ ಹಾಕುತ್ತಿದ್ದ, ವಿವರಿಸು ಅಂದರೆ "ಫೀಲ್ ಆಯ್ತು" ಅನ್ನುತ್ತಿದ್ದ. ಈಗ ಸ್ಕ್ರೀನ್‌ಶಾಟ್ ತೆಗೆದು ಹಾಕುತ್ತಾರೆ. ಅವನಿಗೆ ಫೀಲ್ ಆಗುವುದೂ ನಿಂತಿದೆ.

ದುಡ್ಡಿನ ವಿಷಯ ಹೊಸಬರು ಕೇಳುತ್ತಾರೆ. ಮೊದಲು ತಲೆಗೆ ಐವತ್ತು ರೂಪಾಯಿ ಹಾಕಿ, ಸೇರಿದ್ದನ್ನು ಗೆದ್ದವರಿಗೆ ಕೊಡುವ ಪದ್ಧತಿ ಇತ್ತು. 2025ರ ಆಗಸ್ಟ್‌ನಲ್ಲಿ ಆನ್‌ಲೈನ್ ಗೇಮಿಂಗ್ ಕಾಯ್ದೆ ಬಂತಲ್ಲ, ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆಟ ಬುದ್ಧಿಯದ್ದಾದರೂ ಅದೃಷ್ಟದ್ದಾದರೂ ನಿಷೇಧ ಅಂತ, ಆಗ ನಿಲ್ಲಿಸಿದರು. ಈಗ ಪ್ರವೇಶ ಉಚಿತ. ಗೆದ್ದವರಿಗೆ ಸದಸ್ಯರಲ್ಲೇ ಯಾರಾದರೂ ತಮ್ಮ ಊರಿನದ್ದು ಏನಾದರೂ ಕಳಿಸುತ್ತಾರೆ. ಧಾರವಾಡ ಪೇಡ ಬಂದಿದೆ, ಬ್ಯಾಡಗಿ ಮೆಣಸಿನಕಾಯಿ ಬಂದಿದೆ, ಇಲ್ಲಿಂದ ನಾವು ಕಾಫಿಪುಡಿ, ಕರಿಮೆಣಸು ಕಳಿಸಿದ್ದೇವೆ. ಐವತ್ತು ರೂಪಾಯಿ ಕಾಲಕ್ಕಿಂತ ಈಗಲೇ ವಾತಾವರಣ ಚೆನ್ನಾಗಿದೆ. ಜಗಳ ಅರ್ಧಕ್ಕೆ ಇಳಿದಿದೆ.

ಜಿಯೋಗೆಸ್ಸರ್‌ಗೆ ಚಂದಾ ಕಟ್ಟುವುದಾ ಇದಕ್ಕೆ ಬರುವುದಾ ಅಂತ ಕೇಳಿದರೆ ಎರಡೂ ಬೇರೆ ಬೇರೆ ಅನ್ನುತ್ತೇನೆ. ದಿನಾ ಆಡಬೇಕು, ರ್‍ಯಾಂಕ್ ಬೇಕು, ಒಬ್ಬರಿಗೊಬ್ಬರು ಡ್ಯುಯೆಲ್ ಬೇಕು ಅನ್ನುವವರಿಗೆ ಅದು. ಅಲ್ಲಿ ಕಲಿತ ಕಂಬ, ಕಲ್ಲುಗಳ ವಿದ್ಯೆ ಇಲ್ಲಿ ಮೊದಲ ನಾಲ್ಕು ಪ್ರಶ್ನೆಗೆ ಉಪಯೋಗಕ್ಕೆ ಬರುತ್ತದೆ. ಐದನೆಯದಕ್ಕೆ ಬರುವುದಿಲ್ಲ. ಹಾವೇರಿಯ ಸಂತೆಗೂ ಗದಗದ ಸಂತೆಗೂ ವ್ಯತ್ಯಾಸ ಹೇಳುವ ಗೈಡ್ ಯಾರೂ ಬರೆದಿಲ್ಲ, ಅಲ್ಲಿನವರ ಬಾಯಿಂದಲೇ ಕೇಳಬೇಕು.

ಕೊಡಗಿನಿಂದ ಆಡುವವರಿಗೆ ಒಂದು ಮಾತು. ಜೂನ್‌ನಿಂದ ಆಗಸ್ಟ್ ತನಕ ಕರೆಂಟನ್ನು ನಂಬಬೇಡಿ. ಒಂದು ಮರ ಲೈನಿನ ಮೇಲೆ ಬಿದ್ದರೆ ರಾತ್ರಿಯೆಲ್ಲ ಕತ್ತಲು, ಟವರ್‌ನ ಬ್ಯಾಟರಿಯೂ ಒಂದೆರಡು ಗಂಟೆಗೆ ಕೈ ಕೊಡುತ್ತದೆ. ರೂಟರ್‌ಗೆ ಸಣ್ಣ ಯುಪಿಎಸ್ ಇಟ್ಟುಕೊಳ್ಳಿ. ಶೂಟಿಂಗ್ ಗೇಮಿನ ಹಾಗೆ ಇಲ್ಲಿ ಪಿಂಗ್ (ನೆಟ್ ಎಷ್ಟು ಬೇಗ ಸ್ಪಂದಿಸುತ್ತದೆ ಅನ್ನುವುದು) ಮುಖ್ಯ ಅಲ್ಲ, ಫೋಟೋ ಒಮ್ಮೆ ಇಳಿದರೆ ಸಾಕು, ಪಿನ್ ಹಾಕುವುದಕ್ಕೆ ಟೂಜಿ ನೆಟ್‌ವರ್ಕ್ ಕೂಡ ಸಾಲುತ್ತದೆ. ಲೈನ್ ಕಟ್ ಆಗಿ ಪಿನ್ ಹೋಗದಿದ್ದರೆ ಆ ಪ್ರಶ್ನೆಗೆ ಸೊನ್ನೆ ಅಂತ ನಿಯಮ ಇತ್ತು. ನಮ್ಮ ಕಡೆಯವರೆಲ್ಲ ಸೇರಿ ಗಲಾಟೆ ಮಾಡಿದ ಮೇಲೆ ಮಳೆಗಾಲಕ್ಕೆ ಮಾತ್ರ ವಾಯ್ಸ್‌ನಲ್ಲಿ ಊರಿನ ಹೆಸರು ಹೇಳಿದರೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ.

ಐದಕ್ಕೆ ಮಾಮೂಲಿ ಶನಿವಾರಕ್ಕೆ ನಾಲ್ಕೂವರೆ, ಕೊಡಗು ವಿಶೇಷಕ್ಕೆ ಎರಡು. ಆ ಎರಡೂ ಮೋರಿಕಟ್ಟೆಯ ಫೋಟೋಕ್ಕೆ ಮತ್ತು ಆ ಹುಡುಗಿಯ ವಿವರಣೆಗೆ. ಮುಂದಿನ ಜಿಲ್ಲಾ ವಿಶೇಷ ಹಾಸನ ಅಂತ ಹೇಳಿದ್ದಾರೆ. ಫೋಟೋ ಕಳಿಸುವವರು ಸಕಲೇಶಪುರ, ಆಲೂರು, ಅರಕಲಗೂಡು ಕಡೆಯವರು ಬೇಕಂತೆ. ಬೇಲೂರಿನ ಶಿಲಾಬಾಲಿಕೆ ಕಳಿಸಬೇಡಿ ದಯವಿಟ್ಟು, ನಿಮ್ಮ ಬಸ್ ನಿಲ್ಲುವ ಜಾಗದ್ದು ಕಳಿಸಿ.